ಸಿಗಾರ್ ಆರಿಸುವಾಗ ತಂಬಾಕಿನ ಬೀಜ ಯಾವ ಊರಿನದೆಂದು ನೋಡಬೇಕೇ?

ಶಿರಿಯ ಹೊಳೆಬದಿ (ಕುಂಬಳೆ)

ಎಲ್ಲರಿಗೂ ನಮಸ್ಕಾರ. ನಾನು ವರ್ಷಕ್ಕೆ ನಾಲ್ಕೈದು ಬಾರಿಗಿಂತ ಹೆಚ್ಚು ಸಿಗಾರ್ ಸೇದುವವನಲ್ಲ. ಆದರೆ ಸೇದುವುದರ ಎಲೆ ಯಾವುದು, ಎಲ್ಲಿ ಬೆಳೆದದ್ದು ಎಂದು ತಿಳಿದುಕೊಳ್ಳುವ ಆಸೆ ಮೊದಲಿನಿಂದಲೂ ಇದೆ. ಶಾರ್ಜಾದಲ್ಲಿರುವ ನನ್ನ ಭಾವ ಕಳೆದ ವಿಷುವಿಗೆ ಊರಿಗೆ ಬಂದಾಗ ಎರಡು ಬಗೆಯ ಸಿಗಾರ್ ತಂದಿದ್ದರು. ಒಂದು ನಿಕರಾಗುವಾದ್ದು, ಇನ್ನೊಂದು ಡೊಮಿನಿಕನ್ ಗಣರಾಜ್ಯದ್ದು. ಅಲ್ಲಿನ ಅಂಗಡಿಯವರು ಎರಡನ್ನೂ ತೋರಿಸಿ, "ಇವು ಕ್ಯೂಬಾದ ಬೀಜದಿಂದಲೇ ಬೆಳೆದ ಎಲೆಗಳು, ಕ್ಯೂಬಾದ ಸಿಗಾರಿಗೂ ಇವಕ್ಕೂ ರುಚಿಯಲ್ಲಿ ವ್ಯತ್ಯಾಸವಿಲ್ಲ, ಬೆಲೆ ಮಾತ್ರ ಕಡಿಮೆ" ಎಂದು ಹೇಳಿ ಕೊಟ್ಟರಂತೆ.

ಎರಡನ್ನೂ ಬೇರೆ ಬೇರೆ ದಿನ, ಒಂದೇ ಹೊತ್ತಿನಲ್ಲಿ, ಊಟವಾದ ಬಳಿಕ ಸೇದಿ ನೋಡಿದೆ. ನಿಕರಾಗುವಾದ್ದು ಕರಿಮೆಣಸಿನಂತೆ ಗಂಟಲಿಗೆ ತಾಗಿತು. ಡೊಮಿನಿಕನ್ ಸಿಗಾರ್ ಎಷ್ಟು ಮೃದುವಾಗಿತ್ತೆಂದರೆ ಮುಗಿಯುವವರೆಗೂ ಅದರ ಸ್ವಭಾವವೇನೆಂದು ನನಗೆ ಹಿಡಿತಕ್ಕೆ ಸಿಗಲಿಲ್ಲ. ಬೀಜ ಒಂದೇ ಆಗಿದ್ದರೆ ಇಷ್ಟು ಅಂತರ ಹೇಗೆ ಬಂತು? ಇನ್ನೊಂದು ಕಡೆಯಿಂದ ನೋಡಿದರೆ, ನಮ್ಮ ಅಡಿಕೆ ಬೆಳೆಗಾರರು ಒಳ್ಳೆಯ ಬೀಜದಡಿಕೆಗಾಗಿ ವಿಟ್ಲದವರೆಗೆ ಹೋಗಿ ಕಾದು ತರುವುದನ್ನು ಚಿಕ್ಕಂದಿನಿಂದ ಕಂಡವನಿಗೆ, ಬೀಜದ ಮೂಲಕ್ಕೆ ಬೆಲೆಯೇ ಇಲ್ಲ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಮುಂದಿನ ಬಾರಿ ಭಾವನಿಗೆ ಏನು ತರಲು ಹೇಳಬೇಕೆಂಬುದಕ್ಕಾಗಿ ಕೇಳುತ್ತಿದ್ದೇನೆ: "ಕ್ಯೂಬಾದ ಬೀಜ" ಎಂಬ ಮಾತನ್ನು ನೆಚ್ಚಿ ಸಿಗಾರ್ ಆರಿಸಬಹುದೇ?

ಪಳ್ಳಿಕ್ಕರೆ ಮಳಲು

ನಮ್ಮ ಮನೆಯಲ್ಲಿ ತಂದೆಯವರ ಕಾಲದವರೆಗೆ ಹೊಗೆಸೊಪ್ಪು ಬೆಳೆಯುತ್ತಿದ್ದರು. ಪಳ್ಳಿಕ್ಕರೆ, ಅಜಾನೂರು ಭಾಗದ ಕಡಲ ಬದಿಯ ಮಳಲು ಗದ್ದೆಗಳಲ್ಲಿ ಮಳೆಗಾಲದ ಭತ್ತ ಕೊಯ್ದ ಮೇಲೆ ಹೊಗೆಸೊಪ್ಪು ನೆಡುವುದು ವಾಡಿಕೆಯಾಗಿತ್ತು. ಅದು ಸಿಗಾರಿನ ಎಲೆಯಲ್ಲ, ವೀಳ್ಯದೊಡನೆ ಜಗಿಯುವ ಸೊಪ್ಪು. ಹಾಗಿದ್ದರೂ ತಮ್ಮ ಪ್ರಶ್ನೆಗೆ ಆ ಅನುಭವದಿಂದ ಒಂದಿಷ್ಟು ಉತ್ತರ ಸಿಗಬಹುದೆಂದು ಬರೆಯುತ್ತಿದ್ದೇನೆ.

ಹೊಗೆಸೊಪ್ಪಿನ ಬೀಜವನ್ನು ಅಂಗೈಯಲ್ಲಿಟ್ಟು ನೋಡದವರಿಗೆ ಅದು ಎಷ್ಟು ಸಣ್ಣದೆಂದು ಹೇಳಿದರೆ ನಂಬಿಕೆಯಾಗದು. ಒಂದು ಗ್ರಾಂ ಬೀಜದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಾಳುಗಳಿರುತ್ತವೆ. ಹಾಗೆಯೇ ಬಿತ್ತಿದರೆ ಒಂದೆಡೆ ದಟ್ಟವಾಗಿ ಬಿದ್ದುಬಿಡುತ್ತದೆಂದು ತಂದೆಯವರು ಅದನ್ನು ಬೂದಿಯೊಂದಿಗೆ ಬೆರೆಸಿ ಮಡಿಯ ಮೇಲೆ ಎರಚುತ್ತಿದ್ದರು. ಇಡೀ ಗದ್ದೆಗೆ ಬೇಕಾದ ಬೀಜ ಒಂದು ಚಿಕ್ಕ ಔಷಧದ ಸೀಸೆಯಲ್ಲಿ ಅಡಗುತ್ತಿತ್ತು. ಅಂಥ ಬೀಜವನ್ನು ಜೇಬಿನಲ್ಲಿಟ್ಟುಕೊಂಡು ದೇಶ ದಾಟುವುದು ಎಷ್ಟು ಸುಲಭವೆಂಬುದನ್ನು ಯೋಚಿಸಿದರೆ, "ಕ್ಯೂಬಾದ ಬೀಜ" ಲೋಕದ ನಾಲ್ಕು ಮೂಲೆಗಳಲ್ಲಿ ಇರುವುದು ಸಹಜವೆನಿಸುತ್ತದೆ. ಜೊತೆಗೆ, ಹೊಗೆಸೊಪ್ಪಿನ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ, ಎರಡು ಗಿಡಗಳ ಹೂಗೊಂಚಲಿಗೆ ಚೀಲ ಕಟ್ಟಿ ಉಳಿಸಿಕೊಂಡರೆ ತಳಿ ವರ್ಷಗಟ್ಟಲೆ ಕೆಡದೆ ಬರುತ್ತದೆ. ಆದ್ದರಿಂದ ಅಂಗಡಿಯವರು ಹೇಳಿದ್ದು ಸುಳ್ಳೆಂದು ನಾನು ಹೇಳಲಾರೆ. ಬೀಜ ಕ್ಯೂಬಾದ್ದೇ ಇರಬಹುದು.

ಆದರೆ ಬೀಜ ಹೋದಷ್ಟು ಸುಲಭವಾಗಿ ಮಣ್ಣೂ ನೀರೂ ಜೊತೆಗೆ ಹೋಗುವುದಿಲ್ಲ. ನಮ್ಮಲ್ಲಿ ಗದ್ದೆಯ ಮೂಲೆಯಲ್ಲಿ ಗುಂಡಿ ತೋಡಿ, ಕೊಡದಲ್ಲಿ ನೀರು ಹೊತ್ತು ಗಿಡಗಿಡಕ್ಕೆ ಹೊಯ್ಯುತ್ತಿದ್ದರು. ಕಡಲಿಗೆ ಹತ್ತಿರದ ಗುಂಡಿಯ ನೀರಿನಲ್ಲಿ ಬೇಸಿಗೆ ಏರಿದಂತೆ ಉಪ್ಪಿನ ಸೋಂಕು ಇರುತ್ತಿತ್ತು. ತಂದೆಯವರು ಒಂದು ವರ್ಷ ಅದೇ ಸೀಸೆಯ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಒಳನಾಡಿನ ಪೆರಿಯದಲ್ಲಿದ್ದ ಸೋದರಮಾವನ ಮುರಕಲ್ಲು ಮಣ್ಣಿನ ಜಾಗಕ್ಕೂ ಕೊಟ್ಟಿದ್ದರು. ಒಣಗಿಸಿದ ಮೇಲೆ ಎರಡು ಸೊಪ್ಪನ್ನೂ ಅಕ್ಕಪಕ್ಕದಲ್ಲಿಟ್ಟರೆ ಅವು ಒಂದೇ ತಾಯಿಯ ಮಕ್ಕಳೆಂದು ಯಾರೂ ಹೇಳುವಂತಿರಲಿಲ್ಲ: ನಮ್ಮದು ದಪ್ಪ, ಅಂಟು, ಕೈಗೆ ತೂಕ, ಮಾವನದು ತೆಳು, ತಿಳಿ ಬಣ್ಣ, ಮುಟ್ಟಿದರೆ ಪುಡಿಯಾಗುವಂಥದ್ದು. ಜಗಿಯುವವರು ನಮ್ಮದನ್ನು ಕೇಳಿ ಪಡೆದರು. ಆದರೆ ಅದನ್ನೇ ಚುಟ್ಟ ಕಟ್ಟಿ ಬೆಂಕಿ ತಾಗಿಸಿದರೆ ಪದೇಪದೇ ಆರುತ್ತಿತ್ತು.

ಇದಕ್ಕೆ ಕಾರಣ ನನಗೆ ಬಹಳ ಕಾಲದ ಮೇಲೆ ತಿಳಿಯಿತು. ಎಲೆಯಲ್ಲಿ ಕ್ಲೋರೈಡ್ ಅಂಶ ಶೇಕಡಾ 2ನ್ನು ದಾಟಿದರೆ ಅದು ಸರಿಯಾಗಿ ಉರಿಯುವುದಿಲ್ಲ. ಪೊಟ್ಯಾಸಿಯಂ ಹೆಚ್ಚಿದ್ದರೆ ಬೆಂಕಿ ನಿಧಾನವಾಗಿ, ಸಮನಾಗಿ ಹರಿಯುತ್ತದೆ. ಉಪ್ಪುನೀರು ಜಗಿಯುವ ಸೊಪ್ಪಿಗೆ ಅಷ್ಟೇನೂ ಕೇಡಲ್ಲ, ತಮಿಳುನಾಡಿನಲ್ಲಿ ಸವಳು ನೀರಿನ ಬಾವಿಗಳಿಂದಲೇ ಜಗಿಯುವ ಹೊಗೆಸೊಪ್ಪಿಗೆ ನೀರುಣಿಸುವ ಪ್ರದೇಶಗಳಿವೆ. ಸೇದುವ ಎಲೆಗೆ ಅದೇ ನೀರು ಮೃತ್ಯು. ಬೀಜ ಎಷ್ಟೇ ಕುಲೀನವಾಗಿರಲಿ, ನೀರಿನಲ್ಲಿ ಉಪ್ಪಿದ್ದರೆ ಆ ಸಿಗಾರ್ ಆರುತ್ತದೆ.

ಬದಿಯಡ್ಕ ತೋಟ

ಮಳಲಿನವರು ಬರೆದದ್ದನ್ನು ಎರಡು ಬಾರಿ ಓದಿದೆ. ಪ್ರಶ್ನೆ ಕೇಳಿದವರು ಅಡಿಕೆಯ ಮಾತೆತ್ತಿದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮ ತೋಟಗಳಲ್ಲಿರುವ ಮಂಗಳ ತಳಿಯ ಅಡಿಕೆಯನ್ನು ವಿಟ್ಲದ ಕೇಂದ್ರದಲ್ಲಿ ಆಯ್ದು ಬೆಳೆಗಾರರಿಗೆ ಬಿಡುಗಡೆ ಮಾಡಿದ್ದು 1972ರಲ್ಲಿ. ಅದರ ಮೂಲ ಬೀಜ ಚೀನಾದಿಂದ ಬಂದದ್ದು. ಸುಮಂಗಳದ ಮೂಲ ಇಂಡೋನೇಷ್ಯಾ, ಶ್ರೀಮಂಗಳದ ಮೂಲ ಸಿಂಗಾಪುರ. ಹಾಗೆಂದು ಬದಿಯಡ್ಕದ ಸುಲಿದ ಅಡಿಕೆಯನ್ನು ಮಾರುಕಟ್ಟೆಗೆ ಒಯ್ದು "ಇದು ಚೀನಾದ ಅಡಿಕೆ, ರುಚಿಯೂ ಹಾಗೆಯೇ" ಎಂದು ಯಾವ ಬೆಳೆಗಾರನೂ ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ನಾವು ಬೀಜಕ್ಕಾಗಿ ವಿಟ್ಲಕ್ಕೆ ಹೋಗುವುದು ಮರ ಬೇಗ ಫಲ ಕೊಡಬೇಕು, ಗಿಡ್ಡವಾಗಿರಬೇಕು, ಇಳುವರಿ ನಿಲ್ಲಬೇಕು ಎಂಬುದಕ್ಕಾಗಿ. ಅಡಿಕೆಯ ದರ್ಜೆ ನಿಶ್ಚಯವಾಗುವುದು ಕೊಯ್ದ ಹೊತ್ತು, ಅಂಗಳದ ಬಿಸಿಲು ಮತ್ತು ಒಣಗಿಸಿದ ಕೈಯಿಂದ. ಬೀಜದ ಮೂಲ ಬೆಳೆಯುವವನಿಗೆ ಹೇಳುವಷ್ಟು ಕೊಳ್ಳುವವನಿಗೆ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಕ್ಯೂಬಾದ ವಿಷಯ. ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ ವುವೆಲ್ತಾ ಅಬಾಹೊ ಎಂಬ ಸೀಮೆ ಇದೆ. ಹೆಸರಾದ ಎಲೆ ಅಲ್ಲಿಯದು. ಅಲ್ಲಿ ಹಳೆಯದಾಗಿ ನೆಲೆಸಿದ ತಳಿ ಕ್ರಿಯೊಯೊ. ಸಾನ್ ಲೂಯಿಸ್ ಬಳಿಯ ಎಲ್ ಕೊರೊಹೊ ತೋಟದಲ್ಲಿ, ಸಿಗಾರಿನ ಹೊರಸುತ್ತಿನ ಎಲೆಗೆಂದೇ ಆಯ್ದು ರೂಪಿಸಿದ ತಳಿಗೆ ಆ ತೋಟದ ಹೆಸರೇ ಬಂದು ಕೊರೊಹೊ ಎಂದಾಯಿತು. 1959ರ ಕ್ರಾಂತಿಯ ಬಳಿಕ ತೋಟಗಳು ಸರ್ಕಾರದ ಪಾಲಾದಾಗ ಹಲವು ಬೆಳೆಗಾರ ಕುಟುಂಬಗಳು ದೇಶ ಬಿಟ್ಟವು. 1962ರಲ್ಲಿ ಅಮೆರಿಕ ಕ್ಯೂಬಾದ ಸರಕಿಗೆ ಬಾಗಿಲು ಮುಚ್ಚಿದ್ದರಿಂದ ಆ ಮಾರುಕಟ್ಟೆಗೆ ಬೇರೆಡೆಯಿಂದ ಎಲೆ ಬೇಕಾಯಿತು. ಹೀಗೆ ಆ ಬೀಜ ನಿಕರಾಗುವಾದ ಎಸ್ತೆಲಿ ಮತ್ತು ಹಲಾಪಾ ಕಣಿವೆಗಳಲ್ಲಿ, ಹೊಂಡುರಾಸಿನ ಹಮಾಸ್ತ್ರಾನ್ ಕಣಿವೆಯಲ್ಲಿ ನೆಲೆಯೂರಿತು. ಡೊಮಿನಿಕನ್ ಗಣರಾಜ್ಯದ ಸಿಬಾವೊ ಕಣಿವೆಯಲ್ಲಿ ಕ್ಯೂಬಾದ ಬೀಜದಿಂದ ಬಂದ ಎಲೆಗೆ ಪಿಲೋತೊ ಕ್ಯೂಬಾನೊ ಎಂದೇ ಹೆಸರು.

ಆ ಬಳಿಕ ನಡೆದದ್ದು ಅಂಗಡಿಯವರ ಮಾತನ್ನು ಬುಡಮೇಲು ಮಾಡುವಂಥದ್ದು. ಕೊರೊಹೊ ರುಚಿಯಲ್ಲಿ ಎಷ್ಟು ಹಿರಿದೋ ರೋಗ ತಡೆಯುವುದರಲ್ಲಿ ಅಷ್ಟೇ ದುರ್ಬಲ. 1979–80ರಲ್ಲಿ ನೀಲಿ ಬೂಷ್ಟು ರೋಗ ಕ್ಯೂಬಾದ ಬೆಳೆಯನ್ನು ಬಹುಪಾಲು ನುಂಗಿಬಿಟ್ಟಿತು. ಕಾಂಡ ಕೊಳೆಸುವ ಕಪ್ಪು ರೋಗವೂ ಬಿಡಲಿಲ್ಲ. (ಈ ಕಪ್ಪು ರೋಗದ ಸೂಕ್ಷ್ಮಜೀವಿ ನಮ್ಮ ಅಡಿಕೆಯ ಕೊಳೆರೋಗದ ಜೀವಿಯ ಕುಲದ್ದೇ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಿದ ಪ್ರತಿಯೊಬ್ಬನಿಗೂ ಆ ಬೆಳೆಗಾರರ ಸಂಕಟ ಅರ್ಥವಾದೀತು.) ಕೊನೆಗೆ 1990ರ ದಶಕ ಮುಗಿಯುವ ಹೊತ್ತಿಗೆ ಕ್ಯೂಬಾದವರೇ ಹಳೆಯ ಕೊರೊಹೊವನ್ನು ಕೈಬಿಟ್ಟು, ರೋಗ ತಾಳುವ ಹಬಾನಾ 2000, ಕ್ರಿಯೊಯೊ 98, ಕೊರೊಹೊ 99 ಮುಂತಾದ ಹೊಸ ತಳಿಗಳಿಗೆ ಹೋದರು. ಹಳೆಯ ಕೊರೊಹೊವನ್ನು ಇಂದಿಗೂ ಹಟ ಹಿಡಿದು ಬೆಳೆಯುತ್ತಿರುವುದು ಹೊಂಡುರಾಸಿನಲ್ಲಿ. ಎಂದರೆ ಬೀಜದ ಶುದ್ಧಿಯೇ ಮುಖ್ಯವೆನ್ನುವವರು ಹೊಂಡುರಾಸಿನ ಸಿಗಾರನ್ನು ಕ್ಯೂಬಾದ್ದಕ್ಕಿಂತ ಹೆಚ್ಚು "ಕ್ಯೂಬನ್" ಎನ್ನಬೇಕಾಗುತ್ತದೆ. ಆದರೂ ಎರಡನ್ನೂ ಬಲ್ಲವರು ಹಾಗೆನ್ನುವುದಿಲ್ಲ, ಏಕೆಂದರೆ ವುವೆಲ್ತಾ ಅಬಾಹೊದ ಕೆಂಪು ಮರಳುಮಿಶ್ರಿತ ಮಣ್ಣು ಹಮಾಸ್ತ್ರಾನ್‌ಗೆ ಹೋಗಿಲ್ಲ.

ತಮಗೆ ನಿಕರಾಗುವಾದ್ದು ಕರಿಮೆಣಸಿನಂತೆ ಕಂಡದ್ದಕ್ಕೂ ಮಣ್ಣೇ ಬಹುಮಟ್ಟಿಗೆ ಕಾರಣವಿರಬೇಕು. ಎಸ್ತೆಲಿಯದು ಜ್ವಾಲಾಮುಖಿಯ ಕಪ್ಪು ನೆಲ; ಅದರ ಎಲೆ ದಪ್ಪ, ಖಾರ. ಅದೇ ದೇಶದ ಹಲಾಪಾದ ಕೆಂಪು ನೆಲದಿಂದ ಬಂದ ಎಲೆ ಅದಕ್ಕಿಂತ ಸೌಮ್ಯ, ತುಸು ಸಿಹಿ.

ದೇರಾ ಬೀದಿಯಿಂದ

ನಾನು ಮುಳ್ಳೇರಿಯದವನು, ದುಬೈಯಲ್ಲಿ ಸಿಗಾರ್ ಮಾರುವ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿದ್ದೇನೆ. ಮೇಲಿನ ಇಬ್ಬರು ಹಿರಿಯರ ಮಾತಿಗೆ ಬಹುಪಾಲು ನನ್ನ ಒಪ್ಪಿಗೆ ಇದೆ. ಆದರೆ ಕೊಳ್ಳುವವನಿಗೆ ಬೀಜದ ಮೂಲ ಏನನ್ನೂ ಹೇಳುವುದಿಲ್ಲ ಎಂಬಲ್ಲಿಗೆ ಮಾತು ಹೋಗುವುದಾದರೆ ನನ್ನ ವಿರೋಧವಿದೆ.

ಸಿಗಾರಿನಲ್ಲಿ ಮೂರು ಪಾಲುಗಳಿವೆ: ಒಳಗೆ ತುಂಬುವ ಎಲೆಗಳು, ಅವನ್ನು ಹಿಡಿದು ಕಟ್ಟುವ ಎಲೆ, ಎಲ್ಲಕ್ಕಿಂತ ಹೊರಗೆ ಸುತ್ತುವ ಎಲೆ. ಒಳಗೆ ತುಂಬುವುದರಲ್ಲಿ ನಾಲ್ಕೈದು ಎಲೆಗಳು, ಕೆಲವೊಮ್ಮೆ ಮೂರು ದೇಶಗಳವು, ಬೆರೆತಿರುವುದರಿಂದ ಅಲ್ಲಿ ಬೀಜದ ಹೆಸರು ಹೇಳಿ ಪ್ರಯೋಜನವಿಲ್ಲ. ಹೊರಸುತ್ತಿನ ಎಲೆಯ ವಿಷಯ ಹಾಗಲ್ಲ. ಅದು ರೇಷ್ಮೆಯಂತೆ ತೆಳುವಾಗಿ, ನರಗಳು ಏಳದೆ, ಎಳೆದರೆ ಹರಿಯದೆ, ಒಂದೇ ಬಣ್ಣದಲ್ಲಿ ಇರಬೇಕು. ಈ ಗುಣಗಳು ಬಹುಮಟ್ಟಿಗೆ ತಳಿಯಿಂದಲೇ ಬರುತ್ತವೆ. ಅಮೆರಿಕದ ಕನೆಕ್ಟಿಕಟ್ ಕಣಿವೆಯವರು ತಮ್ಮ ಹಳೆಯ ಅಗಲ ಎಲೆಯ ತಳಿಯಿಂದ ಅಂಥ ತೆಳು ಎಲೆ ತೆಗೆಯಲಾಗದೆ, ಸುಮಾತ್ರದ ಎಲೆಯ ಎದುರು ಸೋಲುತ್ತಿದ್ದಾಗ, 1900ರಲ್ಲಿ ವಿಂಡ್ಸರ್ ಎಂಬಲ್ಲಿ ಗದ್ದೆಯ ಮೇಲೆ ಬಟ್ಟೆಯ ಚಪ್ಪರ ಹಾಕಿ ಸುಮಾತ್ರದ ಬೀಜವನ್ನೇ ಬೆಳೆದು ನೋಡಿದರು. ಅವರಿಗೆ ನೆರಳೂ ಬೇಕಾಗಿತ್ತು, ಬೀಜವೂ ಬೇಕಾಗಿತ್ತು. ಒಂದನ್ನು ಬಿಟ್ಟು ಇನ್ನೊಂದರಿಂದ ಕೆಲಸವಾಗುತ್ತಿರಲಿಲ್ಲ.

ನಮ್ಮ ಅಂಗಡಿಗೆ ಬರುತ್ತಿದ್ದ ಪೆಟ್ಟಿಗೆಗಳಲ್ಲಿ ಹೊರಎಲೆಯ ಹೆಸರು ಜೋಡಿಪದವಾಗಿರುತ್ತಿತ್ತು: "ಈಕ್ವಡೋರ್ ಕನೆಕ್ಟಿಕಟ್", "ಈಕ್ವಡೋರ್ ಸುಮಾತ್ರ", "ಈಕ್ವಡೋರ್ ಹಬಾನೊ". ಮೊದಲ ಪದ ಬೆಳೆದ ನೆಲ, ಎರಡನೆಯದು ಬೀಜ; ಹಬಾನೊ ಎಂದರೆ ಕ್ಯೂಬಾ ಮೂಲದ ಬೀಜ. ಈಕ್ವಡೋರಿನ ತಪ್ಪಲುಗಳಲ್ಲಿ ಹೆಚ್ಚಿನ ಹೊತ್ತು ಮೋಡ ಕವಿದಿರುವುದರಿಂದ ಬಟ್ಟೆಯ ಚಪ್ಪರವೇ ಬೇಕಾಗುವುದಿಲ್ಲ, ಎಲೆ ತಾನಾಗಿ ತೆಳುವಾಗುತ್ತದೆ. ಈ ಮೂರೂ ಒಂದೇ ದೇಶದ ಒಂದೇ ಮೋಡದಡಿ ಬೆಳೆದವು. ಆದರೂ ಕನೆಕ್ಟಿಕಟ್ ಬೀಜದ್ದು ಬೆಣ್ಣೆಯ ಬಣ್ಣ, ಸೌಮ್ಯ ರುಚಿ. ಹಬಾನೊ ಬೀಜದ್ದು ಕಂದು, ಮಸಾಲೆಯ ಘಾಟು. ಕಣ್ಣು ಮುಚ್ಚಿ ಸೇದಿದರೂ ಇವೆರಡನ್ನು ಬೇರೆ ಮಾಡಬಹುದು. ನೆಲ ಒಂದೇ ಇರುವಾಗ ಈ ಅಂತರವನ್ನು ಬೀಜದ್ದೆನ್ನದೆ ಬೇರೇನೆನ್ನಬೇಕು?

ಬೀಜ ಬದಲಾದದ್ದರಿಂದ ತೊಂದರೆ ಬಂದದ್ದನ್ನೂ ನಾನು ಕಂಡಿದ್ದೇನೆ. ಬದಿಯಡ್ಕದವರು ಹೆಸರಿಸಿದ ಹಬಾನಾ 2000 ರೋಗವನ್ನು ತಾಳಿತು, ಆದರೆ ಎಲೆ ದಪ್ಪವಾಗಿ ಬೆಂಕಿ ಸರಿಯಾಗಿ ಹರಿಯುತ್ತಿಲ್ಲವೆಂದು ಗಿರಾಕಿಗಳು ಸಿಗಾರನ್ನು ಹಿಂದಕ್ಕೆ ತಂದುಕೊಡುತ್ತಿದ್ದರೆಂದು ನಮ್ಮ ಅಂಗಡಿಯ ಹಳಬರು ಹೇಳುತ್ತಿದ್ದರು.

ಬದಿಯಡ್ಕ ತೋಟ

ದೇರಾದವರ ಮಾತು ಸರಿ. ಹೊರಎಲೆಯ ಮಟ್ಟಿಗೆ ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತೇನೆ. ಜೋಡಿಪದದ ಹೆಸರು ಪ್ರಾಮಾಣಿಕವಾದ ಕ್ರಮ. ನೆಲವನ್ನು ಮುಚ್ಚಿಟ್ಟು ಬೀಜವೊಂದನ್ನೇ ಮುಂದೆ ಮಾಡುವುದು ನನಗೆ ಒಪ್ಪಿಗೆಯಾಗದ್ದು. ಕ್ಯಾಮರೂನಿನಲ್ಲಿ ಬೆಳೆಯುವ ಪ್ರಸಿದ್ಧ ಹೊರಎಲೆಯ ಬೀಜವೂ ಸುಮಾತ್ರದ್ದೇ, ಆದರೆ ಲೋಕವೆಲ್ಲ ಅದನ್ನು ಕ್ಯಾಮರೂನ್ ಎಲೆ ಎಂದೇ ಕರೆಯುತ್ತದೆ. ಆ ಹೆಸರನ್ನು ಗಳಿಸಿಕೊಟ್ಟದ್ದು ಅಲ್ಲಿನ ನೆಲ.

ನಮ್ಮ ದೇಶದಲ್ಲೂ ಇದನ್ನು ಅರಿತೇ ಕೆಲಸ ಮಾಡಿದ್ದಾರೆ. ಸಿಗಾರ್ ಮತ್ತು ಚುಟ್ಟದ ತಂಬಾಕಿಗೆಂದು ದಿಂಡುಗಲ್ ಸೀಮೆಯ ವೇದಸಂದೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದರು; ಹೊರಸುತ್ತಿನ ಎಲೆಗೆ ಮಾತ್ರ ಅಲ್ಲಿಂದ ಬಹುದೂರದ, ತೇವದ ಹವೆಯ ಪಶ್ಚಿಮ ಬಂಗಾಳದ ದಿನ್‌ಹಾಟಾವನ್ನು ಆರಿಸಿದರು. ಬೀಜವನ್ನು ಅಂಚೆಯಲ್ಲಿ ಕಳುಹಿಸಬಹುದಿತ್ತು, ಹವೆಯನ್ನು ಕಳುಹಿಸಲಾಗುತ್ತಿರಲಿಲ್ಲ.

ಶಿರಿಯ ಹೊಳೆಬದಿ (ಕುಂಬಳೆ)

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂಶಯ ಉಳಿದಿದೆ. ನೆಲವೂ ಒಂದೇ, ಬೀಜವೂ ಒಂದೇ ಎಂದಿಟ್ಟುಕೊಳ್ಳೋಣ. ಆಗಲಾದರೂ ರುಚಿ ಒಂದೇ ಇರುತ್ತದೆಯೇ? ಭಾವ ಜೂನ್ ತಿಂಗಳಲ್ಲಿ ಬರುವವರಿದ್ದಾರೆ; ಅಂಗಡಿಯಲ್ಲಿ ಅವರು ಯಾವ ಪ್ರಶ್ನೆ ಕೇಳಬೇಕು?

ಪಳ್ಳಿಕ್ಕರೆ ಮಳಲು

ಇರುವುದಿಲ್ಲ. ಒಂದೇ ಗಿಡದ ಎಲೆಗಳಲ್ಲೇ ರುಚಿ ಬೇರೆ ಬೇರೆ. ನಾವು ಕುಡಿ ಚಿವುಟಿ, ಕಂಕುಳ ಚಿಗುರು ಮುರಿದು, ಗಿಡದ ಬಲವನ್ನೆಲ್ಲ ಉಳಿದ ಎಲೆಗಳಿಗೆ ಹೋಗುವಂತೆ ಮಾಡುತ್ತಿದ್ದೆವು. ಆಗ ತುದಿಯ ಎಲೆ ಬಿಸಿಲು ಕುಡಿದು ದಪ್ಪವಾಗುತ್ತದೆ, ಬುಡದ ಎಲೆ ನೆರಳಿನಲ್ಲಿ ತೆಳ್ಳಗೆ ಉಳಿಯುತ್ತದೆ. ನಮ್ಮ ತಾಯಿ ಒಣಗಿದ ಸೊಪ್ಪನ್ನು ಕಂತೆ ಕಟ್ಟುವಾಗ ಬುಡದ ಎಲೆಯನ್ನು ತುದಿಯದರೊಂದಿಗೆ ಎಂದೂ ಸೇರಿಸುತ್ತಿರಲಿಲ್ಲ, ಸೇರಿಸಿದರೆ ಕೊಳ್ಳಲು ಬಂದವನು ಕಂತೆ ಬಿಚ್ಚಿ ಮೂಸಿ ಕಂಡುಹಿಡಿಯುತ್ತಿದ್ದ.

ದೇರಾ ಬೀದಿಯಿಂದ

ಅವರ ತಾಯಿ ಮಾಡುತ್ತಿದ್ದ ವಿಂಗಡಣೆಗೇ ಕ್ಯೂಬಾದವರು ವೊಲಾದೊ, ಸೆಕೊ, ಲಿಹೇರೊ ಎಂದು ಹೆಸರಿಟ್ಟಿದ್ದಾರೆ. ಬುಡದ ವೊಲಾದೊ ಚೆನ್ನಾಗಿ ಉರಿಯುವ ಎಲೆ, ನಡುವಿನ ಸೆಕೊ ಪರಿಮಳದ್ದು, ತುದಿಯ ಲಿಹೇರೊ ಖಾರ ಮತ್ತು ಬಲದ್ದು. ಲಿಹೇರೊ ಹೆಚ್ಚು ಹಾಕಿದ ಸಿಗಾರ್ ಯಾವ ಬೀಜದ್ದಾದರೂ ಗಂಟಲಿಗೆ ತಾಗುತ್ತದೆ. ಆ ಬಳಿಕ ಎಲೆಗಳನ್ನು ಆಳೆತ್ತರದ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿಯ ಒಳಗು ತಾನಾಗಿ ಕಾಯುತ್ತದೆ; ಬಿಸಿ ಮಿತಿ ಮೀರುವ ಮುನ್ನ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಹಸಿ ಎಲೆಯ ಅಮೋನಿಯ ಘಾಟು ಹೋಗುವುದು ಇಲ್ಲಿ. ಈ ಕೆಲಸವನ್ನು ಅವಸರದಲ್ಲಿ ಮುಗಿಸಿದರೆ ಎಂಥ ಬೀಜದ ಎಲೆಯೂ ನಾಲಗೆಯನ್ನು ಸುಡುತ್ತದೆ.

ತಮ್ಮ ಭಾವನವರು ಹೀಗೆ ಕೇಳಲಿ: ಹೊರಎಲೆ ಯಾವ ನೆಲದ್ದು, ಯಾವ ಬೀಜದ್ದು? ಒಳಗೆ ಲಿಹೇರೊ ಎಷ್ಟರ ಮಟ್ಟಿಗೆ ಇದೆ? ಎಲೆಯನ್ನು ಎಷ್ಟು ವರ್ಷ ಹಳತು ಮಾಡಿದ್ದಾರೆ? "ಕ್ಯೂಬಾದ ಬೀಜ" ಎಂದು ಮಾತ್ರ ಉತ್ತರ ಬಂದರೆ ಬೇರೆ ಅಂಗಡಿ ನೋಡಲಿ. ತಮಗೆ ಬೀಜದ ಪಾಲು ಎಷ್ಟೆಂದು ಸ್ವತಃ ತಿಳಿಯಬೇಕಿದ್ದರೆ ಒಂದೇ ಕಂಪನಿಯ ಎರಡು ಸಿಗಾರ್ ತರಿಸಿ, ಒಳಗಿನ ಮಿಶ್ರಣ ಒಂದೇ ಇದ್ದು ಹೊರಎಲೆ ಒಂದಕ್ಕೆ ಈಕ್ವಡೋರ್ ಕನೆಕ್ಟಿಕಟ್, ಇನ್ನೊಂದಕ್ಕೆ ಈಕ್ವಡೋರ್ ಹಬಾನೊ ಇರುವಂತೆ. ಅಂಥವು ಸಿಗುತ್ತವೆ.

ಚಂದ್ರಗಿರಿ ತೀರ

ನಾನು ದಂತವೈದ್ಯೆ. ಚರ್ಚೆಯನ್ನು ಆಸಕ್ತಿಯಿಂದ ಓದಿದೆ, ಬೀಜದ ಕುರಿತೇ ಒಂದು ಮಾತು ಸೇರಿಸುತ್ತೇನೆ. ಶುದ್ಧ ಬೀಜ, ಸಹಜ ಹುದುಗು ಎಂಬ ಮಾತುಗಳನ್ನು ಕೇಳಿ ಅಂಥ ಸಿಗಾರಿನಿಂದ ಕೇಡು ಕಡಿಮೆಯೆಂದು ನಂಬಿದವರನ್ನು ನಾನು ಕಂಡಿದ್ದೇನೆ. ಯಾವ ಬೀಜದ್ದಾದರೂ ಕೇಡು ಕಡಿಮೆಯಾಗುವುದಿಲ್ಲ. ಎಲೆಯನ್ನು ಹುದುಗಿಸುವಾಗ ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಹೆಚ್ಚುತ್ತವೆ. ಸಿಗಾರಿನ ಹೊಗೆ ಕ್ಷಾರಗುಣದ್ದಾದ್ದರಿಂದ, ಅದನ್ನು ಎದೆಗೆ ಎಳೆದುಕೊಳ್ಳದಿದ್ದರೂ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ವರ್ಷಕ್ಕೆ ನಾಲ್ಕೈದು ಎಂದು ಬರೆದಿದ್ದೀರಿ. ಅದು ಹೆಚ್ಚದಿರಲಿ, ಸಾಧ್ಯವಾದರೆ ನಿಲ್ಲಲಿ.

ಶಿರಿಯ ಹೊಳೆಬದಿ (ಕುಂಬಳೆ)

ಡಾಕ್ಟರ್ ಅಮ್ಮನವರ ಮಾತನ್ನು ಮನಸ್ಸಿಗೆ ತೆಗೆದುಕೊಂಡಿದ್ದೇನೆ. ಪೆಟ್ಟಿಗೆ ತರಿಸುವ ಯೋಚನೆ ಬಿಟ್ಟು, ದೇರಾದವರು ಹೇಳಿದ ಆ ಎರಡನ್ನು ಮಾತ್ರ, ಒಂದೊಂದರಂತೆ ತರಲು ಭಾವನಿಗೆ ಹೇಳಿದೆ.

ದೇರಾ ಬೀದಿಯಿಂದ

ಒಳ್ಳೆಯದಾಯಿತು. ಜೂನ್ ಎಂದರೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಬಿಚ್ಚಿಟ್ಟರೆ ಒಂದು ವಾರದಲ್ಲಿ ಬೂಷ್ಟು ಬಂದು ಎರಡರ ರುಚಿಯೂ ಒಂದೇ ಆಗಿಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ತೇವವನ್ನು ಶೇಕಡಾ 65ರ ಸುಮಾರಿಗೆ ಹಿಡಿದಿಡುವ ಪೊಟ್ಟಣದೊಂದಿಗೆ ಇಡಿ. ಆ ಪೊಟ್ಟಣ ಸಿಗಾರ್ ಕೊಂಡ ಅಂಗಡಿಯಲ್ಲೇ ಸಿಗುತ್ತದೆ, ಮರೆಯದೆ ತರಲು ಹೇಳಿ. ಮೊದಲು ಕನೆಕ್ಟಿಕಟ್ ಬೀಜದ್ದನ್ನು, ಎರಡು ದಿನ ಬಿಟ್ಟು ಹಬಾನೊ ಬೀಜದ್ದನ್ನು ಸೇದಿ, ವ್ಯತ್ಯಾಸ ಹೇಗೆ ಕಂಡಿತೆಂದು ಇಲ್ಲಿ ಬರೆಯಿರಿ.